ನಮ್ಮೋರು, ಅವರನ್ನೇ ಕೇಳ್ರಿ

ನಿಮ್ಮ ಮಗಳನ್ನು ಹದಿನೇಳು ದಿನ ನಿಮ್ಮಿಂದ ದೂರ ಮಾಡಿದ್ದು ನನ್ನ ಸುಳ್ಳು, ಪದ್ಮಕ್ಕಾ. ಇಷ್ಟು ವರ್ಷ ಫೋನ್ ಮಾಡಿದಾಗಲೆಲ್ಲ ನೀವು ಟೀಚರಿಗೆ, ಅಧಿಕಾರಿಗಳಿಗೆ ಶಾಪ ಹಾಕಿದಿರಿ. ಅದು ತಟ್ಟಬೇಕಾದದ್ದು ನನಗೆ.

ವಿಶಾಖಪಟ್ಟಣದ ಪೆಂಡುರ್ತಿಯ ಆ ಕಟ್ಟಡದಲ್ಲಿ ಕನ್ನಡದ ಮನೆ ಎರಡೇ. ನನ್ನವರು ಬ್ಯಾಂಕಿನ ವರ್ಗಾವಣೆಯ ಮೇಲೆ ಬಂದವರು; ನೀವು ಬಳ್ಳಾರಿಯಿಂದ ಬಂದು, ಒಬ್ಬರೇ ಮಗಳನ್ನು ಸಾಕುತ್ತ, ಅಚ್ಯುತಾಪುರಂನ ಔಷಧ ಕಾರ್ಖಾನೆಗೆ ಹೋಗುತ್ತಿದ್ದವರು. ನಿಮ್ಮ ಮೌನಿಕಾ, ನನ್ನ ಅನನ್ಯಾ ಇಬ್ಬರೂ ಒಂಬತ್ತನೇ ತರಗತಿ. ಮೌನಿಕಾಳ ತೋಳಿನ ಬಾಸುಂಡೆ ಕಂಡು, ಮನೆಯಲ್ಲೇ ಹೊಡೆದಿರಬೇಕೆಂದು ಟೀಚರ್ ದೂರು ಕೊಟ್ಟರು. ಹುಡುಗಿ ಬಾಯಿ ಬಿಡಲಿಲ್ಲ. ಮಕ್ಕಳ ಕಲ್ಯಾಣ ಸಮಿತಿಯವರು ವಿಚಾರಣೆಗೆ ಬಂದಾಗ ನೀವು ಮೇಲಿನ ಮಹಡಿಯ ನನ್ನ ಮನೆ ತೋರಿಸಿದಿರಿ: “ಅವರು ನಮ್ಮೋರು, ಅವರನ್ನೇ ಕೇಳ್ರಿ.”

ಹಿಂದಿನ ದಿನವೇ ಅನನ್ಯಾಳ ಫೋನಿನಲ್ಲಿ ನಾನು ಆ ವಿಡಿಯೊ ನೋಡಿದ್ದೆ. ಶಾಲೆಯ ಬಾತ್‌ರೂಮಿನ ಗೋಡೆಗೆ ಒತ್ತಿ ಹಿಡಿದು, ಸ್ಕೇಲಿನಿಂದ ಮೌನಿಕಾಳನ್ನು ಹೊಡೆಯುತ್ತಿದ್ದವಳು ನನ್ನ ಮಗಳು. ನಗುತ್ತಿದ್ದಳು — ಆ ನಗು... ಬೇಡ. ಆದರೂ ಅಧಿಕಾರಿಣಿಗೆ ನಾನು ಹೇಳಿದ್ದು, “ಸಂಜೆ ಆ ಮನೆಯಿಂದ ಹುಡುಗಿ ಅಳೋದು ಕೇಳಸ್ತದ ಮೇಡಂ.”

ಮರುದಿನ ಮೌನಿಕಾಳನ್ನು ಬಾಲಕಿಯರ ಬಾಲಮಂದಿರಕ್ಕೆ ಕರೆದೊಯ್ದರು. ನಾನು ವಿಡಿಯೊ ಅಳಿಸಿದೆ. ಇನ್ನು ಹೊಡೆಯುವುದಿಲ್ಲವೆಂದು ನಿಮ್ಮಿಂದ ಬರೆಸಿಕೊಂಡೇ ಹದಿನೇಳು ದಿನದ ಮೇಲೆ ಅವಳನ್ನು ಮನೆಗೆ ಕಳಿಸಿದರು. ಮುಂದೆ ನಮಗೆ ವಿಜಯವಾಡಕ್ಕೆ ವರ್ಗವಾದಾಗ ದಾರಿಗೆಂದು ಚಿತ್ರಾನ್ನ ಕಟ್ಟಿಕೊಟ್ಟಿರಿ. ಹೂಂ, ತಿಂದೆ — ಬಾಯಿ ಚಪ್ಪರಿಸಿಕೊಂಡೇ ತಿಂದೆ.

ತಾಯಿಯ ಕರುಳು ಎಂದು ಯಾರೂ ನನ್ನ ಪರ ವಾದಿಸುವುದು ಬೇಡ. ಆ ಕರುಳು ನಿಮಗೂ ಇತ್ತು. “ಆಗಿದ್ದು ಆಗಿ ಹೋತು, ಈಗ್ಯಾಕ ಕೆದಕತಿ?” ಎನ್ನುತ್ತಾರೆ ನನ್ನವರು. ಎಲ್ಲಿ ಆಗಿಹೋಯಿತು? ಸಮಿತಿಯ ಕಡತದಲ್ಲಿ ನೀವು ಇಂದಿಗೂ ಮಗಳನ್ನು ಹೊಡೆದ ತಾಯಿ. ನಮ್ಮ ಮಾನ ಹೋಗುತ್ತದಂತೆ — ಹೋಗಲಿ! ನಿಮ್ಮದನ್ನು ಕಳೆದೇ ತಾನೆ ನಾವು ಅದನ್ನು ಉಳಿಸಿಕೊಂಡದ್ದು?

ಸೋಮವಾರ ವಿಶಾಖಪಟ್ಟಣಕ್ಕೆ ಬಂದು ಸಮಿತಿಯ ಮುಂದೆ ಬರೆದು ಕೊಡುತ್ತೇನೆ. ನಿಮ್ಮ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ, ನನಗೆ ಗೊತ್ತು. ನಿನ್ನೆ ಅನನ್ಯಾಳಿಗೂ ತಿಳಿಸಿದೆ. ಈಗ ಅವಳಿಗೆ ಇಪ್ಪತ್ತು. “ನನ್ನ ಹೆಸರೂ ಹೇಳ್ತೀಯಾ ಅಮ್ಮಾ?” ಎಂದಳು.

ಹೇಳುತ್ತೇನೆ ಎಂದೆ. ಮೊದಲು ನನ್ನದು, ಆಮೇಲೆ ನಿನ್ನದು.