ಹಿಮಾಲಯಕ್ಕೊಂದು ಗಟ್ಟಿ ಕ್ಯಾಮೆರಾ

ಐವತ್ತೆರಡನೆಯ ವಯಸ್ಸಿನಲ್ಲಿ ನನಗೆ ಹಿಮಾಲಯ ಹತ್ತುವ ಹುಚ್ಚು ಹಿಡಿಯಿತೆಂದು ಒಪ್ಪಿಕೊಳ್ಳಲು ನಾಚಿಕೆಯೇನಿಲ್ಲ. ಹತ್ತುವುದು ಹೇಗೆ ಎನ್ನುವುದಕ್ಕಿಂತ ಯಾವ ಕ್ಯಾಮೆರಾ ಒಯ್ಯಬೇಕು ಎಂಬುದಕ್ಕೇ ಹೆಚ್ಚು ತಲೆ ಕೆಡಿಸಿಕೊಂಡೆನಲ್ಲ, ನಾಚಿಕೆ ಅದಕ್ಕೆ. ಫೋನಿನಲ್ಲಿ ಸಾವಿರಾರು ಫೋಟೋ ತೆಗೆದು ಒಂದನ್ನೂ ತಿರುಗಿ ನೋಡದವಳು ನಾನು. ಮೂವತ್ತಾರೇ ಫೋಟೋ ಬರುವ ರೀಲ್ ಕ್ಯಾಮೆರಾ ಇದ್ದರೆ ಕಣ್ಣಿಗೆ ತುಸು ಶಿಸ್ತು ಬಂದೀತೆಂದು ನನ್ನೊಳಗಿನ ಶಾಲಾ ಶಿಕ್ಷಕಿಯ ಆಸೆ.

ನವಲಗುಂದದಲ್ಲಿ ಬಹುಕಾಲ ಫೋಟೋ ಸ್ಟುಡಿಯೋ ನಡೆಸಿ ಈಗ ಬಾಗಿಲು ಹಾಕಿರುವ ಈರಪ್ಪ ಕಾಕಾ ಜಮಖಾನದ ಮೇಲೆ ಮೂರು ಕ್ಯಾಮೆರಾ ಇಟ್ಟು, ಕನ್ಯೆ ತೋರಿಸುವವರ ಗತ್ತಿನಲ್ಲಿ ಕೂತರು. ಮೊದಲನೆಯದು ಪ್ಲಾಸ್ಟಿಕ್ಕಿನದು, ಹಿಡಿದರೆ ಸಾಬೂನಿನ ಡಬ್ಬಿ. ಎರಡನೆಯದು ಎಲ್ಲವನ್ನೂ ತಾನೇ ಮಾಡುವ ಜಾಣೆ. ಬ್ಯಾಟರಿ ಇಲ್ಲದಿದ್ದರೆ ಮೂರ್ಛೆ. ಮೂರನೆಯದು ಪೂರ್ತಿ ಲೋಹದ್ದು, ಮೂಲೆ ನೆಗ್ಗಿತ್ತು. ಕೊರಳಿಗೆ ಹಾಕಿಕೊಂಡರೆ ಭಾರಕ್ಕೆ ತಲೆ ತಾನಾಗಿ ಬಾಗಿ ವಿನಯ ಬರುತ್ತಿತ್ತು.

"ಇದನ್ನ ಒಯ್ರಿ ಅಕ್ಕಾರ," ಎಂದರು ಕಾಕಾ. "ಥಂಡಿಗೆ ಬ್ಯಾಟರಿ ಸಾಯ್ತಾವ. ಇದಕ್ಕ ಬ್ಯಾಟರಿನ ಬ್ಯಾಡ. ಒಂದ್ಸಲ ಟ್ರ್ಯಾಕ್ಟರ್ ಮ್ಯಾಲಿಂದ ಬಿದ್ದಿತ್ತು. ನಾ ಅತ್ತೆ, ಇದು ಅಳಲಿಲ್ಲ."

ಗಟ್ಟಿ ಎಂಬುದು ನಮ್ಮಲ್ಲಿ ದೊಡ್ಡ ಪ್ರಶಸ್ತಿ. ಮೊಸರಿಗೂ ಅದೇ, ಧ್ವನಿಗೂ ಅದೇ, ಅಜ್ಜಿಗೂ ಅದೇ. ಆದರೂ ಪರೀಕ್ಷೆ ಮಾಡದೆ ಪಾಸು ಮಾಡುವ ಅಭ್ಯಾಸ ನನಗಿಲ್ಲ. ಒಂದು ಭಾನುವಾರ, ಮಳೆ ನಿಂತ ಬೆಳಿಗ್ಗೆ, ಹೊಸ ಬೂಟು ತೊಟ್ಟು, ಆ ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಹಳ್ಳದ ಕಡೆಯ ಹೊಲದ ದಾರಿ ಹಿಡಿದೆ. ನಮ್ಮ ಕಪ್ಪು ಎರೆಮಣ್ಣು ನೆನೆಯಿತೆಂದರೆ ಬೂಟಿನ ತಳಕ್ಕೆ ಅಂಟಿ ಹೆಜ್ಜೆಗೊಂದು ಅಂಗುಲ ಎತ್ತರ ಕೊಡುತ್ತದೆ. ಹಾಗೆ ಸಾಕಷ್ಟು ಎತ್ತರಕ್ಕೆ ಏರಿದ ಮೇಲೆ ಬೋರಲು ಬಿದ್ದೆ, ಕ್ಯಾಮೆರಾದ ಮೇಲೆಯೇ.

ಎಬ್ಬಿಸಿದವಳು ಅಲ್ಲೇ ಕುರಿ ಮೇಯಿಸುತ್ತಿದ್ದ ಯಲ್ಲವ್ವ, ಅರವತ್ತು ದಾಟಿದ ಹೆಂಗಸು. ಎಬ್ಬಿಸಿ ಕೂರಿಸಿದವಳೇ ನನ್ನನ್ನು ಬಿಟ್ಟು ಕ್ಯಾಮೆರಾವನ್ನು ಸೆರಗಿನಿಂದ ಒರೆಸತೊಡಗಿದಳು. "ನೀವು ತೊಳಕೋತೀರಿ. ಇದಕ್ಕ ಕೈ ಎಲ್ಲಿ ಅದಾವ?"

ಗುಂಡಿ ಒತ್ತಿದೆ. ಟಪ್ ಎಂದಿತು. ಆ ಖುಷಿಗೆ ಅವಳದೇ ಒಂದು ಫೋಟೋ ತೆಗೆದೆ.

"ತೋರಸ್ರಿ," ಎಂದಳು.

"ಈಗ ಕಾಣೂದಿಲ್ಲಬೇ. ರೀಲು ತೊಳಸಬೇಕು, ಹದಿನೈದ ದಿನ ಬೇಕು."

"ಅದನ್ನೂ ತೊಳಿಬೇಕ?" ನನ್ನ ಕೆಸರು ಬಟ್ಟೆ ನೋಡಿ ನಕ್ಕಳು. "ಸರಕಾರದ ಕಾರ್ಡಿಗೆ ಬಿಟ್ರ ನಾ ಫೋಟೋ ತಗಸಿಲ್ರಿ. ತಪ್ಪದ ತಂದ್ ಕೊಡ್ರಿ."

ಆ 'ತಪ್ಪದ' ನನ್ನನ್ನು ಹದಿನೈದು ದಿನ ಕಾಡಿತು. ಕ್ಯಾಮೆರಾ ಗಟ್ಟಿ ಸರಿ, ಒಳಗಿನ ರೀಲಿಗೆ ಕೆಸರು ನುಗ್ಗಿದ್ದರೆ? ರೀಲು ತೊಳೆಯಲು ಕಳಿಸಿದ್ದ ಹುಬ್ಬಳ್ಳಿಯಿಂದ ಕೊನೆಗೂ ಫೋಟೋಗಳ ಲಕೋಟೆ ಬಂತು. ಕೆಲವುಗಳಲ್ಲಿ ನನ್ನ ಹೆಬ್ಬೆರಳು, ಹಲವುಗಳಲ್ಲಿ ಬರೀ ಬೆಳಕು, ಒಂದರಲ್ಲಿ ಯಲ್ಲವ್ವ. ಅಂಚು ಮಸುಕಾಗಿತ್ತು, ಮುಖ ಸ್ವಚ್ಛವಾಗಿತ್ತು.

ಅಂದೇ ಅವಳ ಮನೆ ಹುಡುಕಿಕೊಂಡು ಹೋಗಿ ಕೊಟ್ಟೆ. ಹೊಸ್ತಿಲ ಮೇಲೆ ಕೂತು ಬಹಳ ಹೊತ್ತು ನೋಡಿದಳು.

"ಇದು ನಾ ಅಲ್ರಿ," ಎಂದಳು. "ನಮ್ಮವ್ವ."

ಅವಳ ತಾಯಿ ತೀರಿಕೊಂಡಾಗ ಯಲ್ಲವ್ವನಿಗೆ ಆಗಷ್ಟೇ ಮದುವೆಯಾಗಿತ್ತಂತೆ. ತಾಯಿಯದು ಒಂದೂ ಫೋಟೋ ಇರಲಿಲ್ಲ. "ಅವ್ವನ ಮಾರಿ ಹೆಂಗಿತ್ತನ್ನೂದನ್ನ ಮರತಿದ್ದೆ ನೋಡ್ರಿ," ಎಂದು ಸೆರಗಿನಿಂದ ಫೋಟೋ ಒರೆಸಿದ್ದನ್ನೇ ಒರೆಸಿದಳು.

ಹಿಮಾಲಯಕ್ಕೆ ಹೊರಡುವ ಮುನ್ನಾದಿನ ಹೇಳಿಹೋಗಲು ಮತ್ತೆ ಅವಳ ಮನೆಗೆ ಹೋದೆ. ಗೋಡೆಯ ಮೇಲೆ ಆ ಫೋಟೋ, ಅದಕ್ಕೆ ಕುಂಕುಮ, ಚೆಂಡುಹೂವಿನ ಮಾಲೆ. ಸೊಸೆ ಸಿಟ್ಟಿನಲ್ಲಿದ್ದಳು. "ನೀವರ ಹೇಳ್ರಿ ಅಕ್ಕಾರ! ಬದುಕಿದ್ದಾಕಿ ತನ್ನ ಫೋಟೋಕ್ಕ ತಾನ ಮಾಲಿ ಹಾಕ್ಯಾಳ. ಬಂದವರೆಲ್ಲ 'ಅತ್ತಿ ಯಾವಾಗ ಹೋದ್ಲು' ಅಂತ ಕೇಳಾಕತ್ತಾರ."

ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಯಲ್ಲವ್ವ ತಲೆ ಎತ್ತಲೂ ಇಲ್ಲ.

"ಹೋಗಿಲ್ಲ, ನಮ್ಮವ್ವ ಈಗರ ಬಂದಾಳ ಅಂತ ಹೇಳಬೇ."