ಎದುರು ದಿಬ್ಬದ ಉತ್ತರ

ನಮ್ಮ ಕಡೆ ಪಟಾಕಿಗೂ ಹಬ್ಬಕ್ಕೂ ಇದ್ದ ಸಂಬಂಧ ಕಡಿದು ಕೆಲವು ವರ್ಷಗಳಾದವು. ಗೋಣಿಬೀಡಿನ ಸುತ್ತಮುತ್ತ ತೋಟ ಇಟ್ಟುಕೊಂಡವರ ಮನೆಗಳಲ್ಲಿ ಈಗ ವರ್ಷವಿಡೀ ಪಟಾಕಿ ಇರುತ್ತದೆ. ಟಾರ್ಚು, ಕತ್ತಿ ಇಡುವ ಗೂಡಿನಲ್ಲಿ ಅದನ್ನೂ ಇಟ್ಟಿರುತ್ತಾರೆ. ಆನೆ ಬಂದಾಗ ಹೊಡೆಯಲು.

ನಮ್ಮ ಮನೆ ಒಂದು ದಿಬ್ಬದ ಮೇಲಿದೆ. ಮನೆಯ ಮುಂದೆ ಕಾಫಿ ಒಣಗಿಸುವ ಕಣ, ಕಣದ ಕೆಳಗೆ ಉದ್ದಕ್ಕೆ ಗದ್ದೆ, ಗದ್ದೆಯ ಆ ಬದಿಗೆ ಹಳ್ಳ. ಹಳ್ಳ ದಾಟಿದರೆ ಎದುರು ದಿಬ್ಬ. ಅದರ ಮೈತುಂಬ ಬೇರೆಯವರ ತೋಟ, ನೆತ್ತಿಯ ಮೇಲೆ ಮೂರು ನಾಲ್ಕು ಮನೆ. ಆ ಮನೆಗಳವರಿಗೂ ನಮಗೂ ಒಂದು ಒಪ್ಪಂದವಿದೆ. ಯಾರೂ ಕೂತು ಮಾತಾಡಿ ಮಾಡಿಕೊಂಡದ್ದಲ್ಲ, ತಾನಾಗಿ ಆದದ್ದು. ನಮ್ಮಲ್ಲಿ ಪಟಾಕಿ ಸಿಡಿದರೆ, ಆನೆ ಗದ್ದೆಗೆ ಇಳಿದಿದೆ ಎಂದು ತಿಳಿದು ಅವರೂ ಮೇಲಿನಿಂದ ಸಿಡಿಸುತ್ತಾರೆ. ಅವರಲ್ಲಿ ಸಿಡಿದರೆ ನಾವು ಸಿಡಿಸುತ್ತೇವೆ. ಎರಡೂ ಕಡೆ ಸದ್ದಾದರೆ ಆನೆ ಯಾರ ತೋಟಕ್ಕೂ ಹತ್ತದೆ ಹಳ್ಳ ಹಿಡಿದು ಕೆಳಕ್ಕೆ ಹೋಗುತ್ತದೆ. ಎಲ್ಲ ಸಲವೂ ಅಲ್ಲ, ಹೆಚ್ಚಿನ ಸಲ. ಆ ಹೊತ್ತಿನಲ್ಲಿ ಗದ್ದೆಯಲ್ಲಿ ಮನುಷ್ಯರು ಇರಬಾರದು, ಅಷ್ಟೆ.

ಹಾಗಾಗಿ ದೀಪಾವಳಿಗೆ ಪಟಾಕಿ ಹೊಡೆಯುವುದು ಎರಡೂ ದಿಬ್ಬಗಳಲ್ಲಿ ನಿಂತಿತು. ಮಕ್ಕಳಿಗೂ ಅದು ಗೊತ್ತು. ಗೊತ್ತಿಲ್ಲದವರು ಹೊರಗಿನಿಂದ ಬಂದವರು ಮಾತ್ರ.

ಹೋದ ವರ್ಷದ ದೀಪಾವಳಿ ನನ್ನ ನಾದಿನಿಯ ಮದುವೆಯಾದ ಮೇಲೆ ಬಂದ ಮೊದಲನೆಯದು. ಅವಳ ಗಂಡನಿಗೆ ಮೈಸೂರಿನಲ್ಲಿ ಔಷಧಿ ಅಂಗಡಿ. ಒಳ್ಳೆಯ ಹುಡುಗ. ಎದುರಿಗೆ ನಾನು ಅವನಿಗೆ ನೀವು ಎನ್ನುತ್ತೇನೆ. ನನಗಿಂತ ಚಿಕ್ಕವನಾದ್ದರಿಂದ ಇಲ್ಲಿ ಅವನು ಎಂದೇ ಬರೆಯುತ್ತೇನೆ. ಹೊಸ ಅಳಿಯನನ್ನು ಮೊದಲ ದೀಪಾವಳಿಗೆ ಕರೆಸಿ, ಎಣ್ಣೆ ಹಚ್ಚಿ ನೀರು ಹಾಕಿಸಿ, ಬಟ್ಟೆ ಉಂಗುರ ಕೊಡುವುದು ನಮ್ಮಲ್ಲಿ ಸಣ್ಣ ಕೆಲಸವಲ್ಲ. ಅತ್ತೆ ಒಂದು ವಾರದಿಂದ ಹಂಡೆ ತಿಕ್ಕಿಸಿ, ಹಾಸಿಗೆ ಬಿಸಿಲಿಗೆ ಹಾಕಿಸಿ, ಹೋಳಿಗೆಗೆ ಯಾವ ಅಂಗಡಿಯ ಬೆಲ್ಲ ಎಂದು ಮೂರು ಸಲ ಮನಸ್ಸು ಬದಲಾಯಿಸಿದ್ದರು.

ನಾದಿನಿಯೂ ಅವಳ ಗಂಡನೂ ಹಬ್ಬದ ಹಿಂದಿನ ದಿನ ಕಾರಿನಲ್ಲಿ ಬಂದಿಳಿದರು. ಅವನೂ ಕೈತುಂಬ ತಂದಿದ್ದ. ಅತ್ತೆಗೂ ನನಗೂ ಸೀರೆ, ನನ್ನ ಗಂಡನಿಗೆ ಜರ್ಕಿನ್, ಮಾವನಿಗೆ ಹಾಲಿನಂಥ ಬಿಳಿಯ ಶರ್ಟು ಮತ್ತು ಅದಕ್ಕೆ ಹೊಂದುವ ಪಂಚೆ. ಎಲ್ಲ ಇಳಿಸಿದ ಮೇಲೆ ಡಿಕ್ಕಿಯ ಒಳಗಿನಿಂದ ಒಂದು ದೊಡ್ಡ ರಟ್ಟಿನ ಪೆಟ್ಟಿಗೆಯನ್ನು ತಬ್ಬಿಕೊಂಡು ತೆಗೆದ. ಅದರ ಮೇಲಿನ ಚಿತ್ರ ನೋಡಿದ ಕೂಡಲೇ ನಮಗೆಲ್ಲ ತಿಳಿಯಿತು.

ಮೈಸೂರಿನಲ್ಲಿ ತನ್ನ ಬೀದಿಯ ಮಕ್ಕಳೆಲ್ಲ ತನಗಾಗಿ ಕಾಯುತ್ತಿದ್ದರೆಂದೂ, ಅವರನ್ನು ಬಿಟ್ಟು ಇದನ್ನು ಇಲ್ಲಿಗೇ ತಂದೆನೆಂದೂ ಅವನು ಸಂಭ್ರಮದಿಂದ ಹೇಳಿದ. ಅತ್ತೆ ನಕ್ಕರು. ಪೆಟ್ಟಿಗೆಯನ್ನು ಸೀರೆ ಶರ್ಟುಗಳ ಜೊತೆ ದೇವರ ಮುಂದೆ ಇರಿಸಿ ಕುಂಕುಮ ಹಚ್ಚಿದರು.

ಆ ಸಂಜೆ ಅಡುಗೆಮನೆಯಲ್ಲಿ ನಾವು ಮೂವರೇ ಇದ್ದೆವು. ಇಲ್ಲಿ ಹಬ್ಬಕ್ಕೆ ಪಟಾಕಿ ಹೊಡೆಯುವುದಿಲ್ಲವೆಂದು ಅಳಿಯನಿಗೆ ಈಗಲೇ ತಿಳಿಸಿಬಿಡುವುದು ಒಳ್ಳೆಯದು ಎಂದೆ. ನಾದಿನಿ ಕಡುಬಿಗೆ ಎಲೆ ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ.

"ಅಂಗಡೀಲೇ ಹೇಳೋಕೆ ಹೊರಟೆ ಅತ್ತಿಗೆ. ಅಷ್ಟು ಖುಷೀಲಿ ಆರಿಸ್ತಾ ಇದ್ರು, ಬಾಯೇ ಬರ್ಲಿಲ್ಲ."

"ಮೊದಲ್ನೇ ಹಬ್ಬಕ್ಕೆ ತಂದಿದ್ದನ್ನ ಬೇಡ ಅನ್ನೋಕಾಗುತ್ತಾ ಮಾರಾಯ್ತಿ," ಎಂದರು ಅತ್ತೆ. "ನಿಮ್ಮ ಮಾವ ಹೇಳ್ತಾರೆ ಬಿಡು. ಅವ್ರು ಹೇಳೋ ರೀತಿ ಬೇರೆ."

ಮಾವ ಮರುದಿನ ಮಧ್ಯಾಹ್ನ ಎಲೆಯ ಮುಂದೆ ಹೇಳಿದರು. ಬೆಳಿಗ್ಗೆ ಹಸುಗಳಿಗೆ ಚೆಂಡುಹೂವಿನ ಹಾರ ಹಾಕಿ ಕಡುಬು ತಿನ್ನಿಸಿಯಾಗಿತ್ತು. ಅಳಿಯ ಹೊಸ ಉಂಗುರದ ಬೆರಳಿನಿಂದ ಹೋಳಿಗೆ ಮುರಿಯುತ್ತಾ, ಸಂಜೆ ಪಟಾಕಿ ಎಲ್ಲಿ ಹೊಡೆಯೋಣ, ಕಣದಲ್ಲಾ ಎಂದು ಕೇಳಿದ. ಮಾವ ತುಪ್ಪದ ಮಿಳ್ಳೆಯನ್ನು ಅವನ ಕಡೆ ಸರಿಸಿದರು.

"ಮೊದ್ಲು ದೀಪ ಆಗ್ಲಿ ಅಳಿಯಂದ್ರೆ. ಆಮೇಲೆ ನೋಡೋಣ."

ನಾವೆಲ್ಲ ಉಸಿರು ಬಿಟ್ಟೆವು. ಮಾವ ನೋಡೋಣ ಎಂದದ್ದು ಯಾವುದೂ ಇಷ್ಟು ವರ್ಷಗಳಲ್ಲಿ ನಡೆದದ್ದಿಲ್ಲ. ಅದು ಮನೆಯವರಿಗೆ ಗೊತ್ತು. ಅವನಿಗೆ ಗೊತ್ತಿರಲು ಕಾರಣವಿರಲಿಲ್ಲ.

ದೀಪ ಎಂದರೆ ಗದ್ದೆಯ ದೀಪ. ಸೀಳಿದ ಬಿದಿರುಕೋಲಿನ ತುದಿಗೆ ಎಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿ, ಹೊತ್ತಿಸಿ, ಬದುವಿನ ಮೇಲೆ ಸಾಲಾಗಿ ನೆಡುತ್ತಾರೆ. ಆ ಹೊತ್ತಿಗೆ ಭತ್ತ ತೆನೆಯಾಗಿರುತ್ತದೆ. ಮನೆಯಲ್ಲಿ ಎಷ್ಟು ದೀಪ ಹಚ್ಚಿದರೂ ಗದ್ದೆಗೆ ಇಡದೆ ನಮ್ಮಲ್ಲಿ ಹಬ್ಬ ಮುಗಿಯುವುದಿಲ್ಲ. ಅದನ್ನು ಇಡುವವರು ಮನೆಯ ಹಿರಿಯರು.

ಊಟವಾಗಿ ಎಲೆ ತೆಗೆಯುವಾಗ ಊರಿನ ವಾಟ್ಸಾಪ್ ಗುಂಪಿಗೆ ಮೆಸೇಜು ಬಂತು. ಎರಡು ಆನೆ ಎದುರು ದಿಬ್ಬದ ತೋಟದಲ್ಲಿ ಬೆಳಗಿನಿಂದ ನಿಂತಿವೆ, ಹಳ್ಳದ ಬದಿಯವರು ಹುಷಾರಾಗಿರಬೇಕು. ನನ್ನ ಗಂಡ ಅದನ್ನು ಗಟ್ಟಿಯಾಗಿ ಓದಿ, ಈ ವರ್ಷ ದೀಪವನ್ನು ಕಣದ ಅಂಚಿನಲ್ಲೇ ಇಟ್ಟರೆ ಆಗದೇ ಎಂದರು. ಮಾವ ಫೋನು ಇಸಿದುಕೊಂಡು ತಾವೇ ಓದಿದರು. ಅವರು ದುಡುಕುವವರಲ್ಲ. ಆನೆ ಹಗಲು ಮಲಗಿ ಕತ್ತಲಾದ ಮೇಲೆ ಇಳಿಯುತ್ತದೆ, ಯಾರೂ ಕೆಣಕದಿದ್ದರೆ ಅಲ್ಲಿವರೆಗೆ ಏಳುವುದಿಲ್ಲ, ಬೆಳಕಿರುವಾಗಲೇ ಇಟ್ಟು ಬಂದುಬಿಡುತ್ತೇನೆ ಎಂದರು. ಈಗಲೂ ನನಗೆ ಆ ಲೆಕ್ಕದಲ್ಲಿ ತಪ್ಪು ಕಾಣುವುದಿಲ್ಲ.

ಬಿಳಿ ಬಟ್ಟೆ ತೊಟ್ಟು ಆನೆಯಿರುವ ಕಡೆ ಇಳಿಯಬಾರದು ಎಂಬುದು ನಮ್ಮಲ್ಲಿ ಆಳುಗಳಿಗೂ ಯಜಮಾನರಿಗೂ ಗೊತ್ತಿರುವ ಮಾತು. ಮಾವ ಕೋಲುಗಳನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟಾಗ ಅಳಿಯ ಕೊಟ್ಟ ಶರ್ಟಿನಲ್ಲೇ ಇದ್ದರು. ಅತ್ತೆ ಬಾಗಿಲಲ್ಲಿ ನಿಂತು, ಹಳೇದೊಂದು ಹಾಕ್ಕೊಳ್ಳಿ ಎಂದು ಮೆಲ್ಲಗೆ ಹೇಳಿದರು. ಅಷ್ಟರಲ್ಲಿ ಅಳಿಯ ಫೋನು ಹಿಡಿದು ಬಂದ. ಶರ್ಟು ಬಹಳ ಒಪ್ಪುತ್ತದೆ ಎಂದು ಹೊಗಳಿ, ಜಗಲಿಯಲ್ಲಿ ನಿಲ್ಲಿಸಿ ಫೋಟೋ ತೆಗೆದ. ಮಾವ ಒಮ್ಮೆ ಅತ್ತೆಯ ಮುಖ ನೋಡಿ, ಹಾಗೇ ಇಳಿದು ಹೋದರು.

ನನ್ನ ಗಂಡ ಹೋಳಿಗೆಯ ಡಬ್ಬಿ, ಬಟ್ಟೆಯ ಗಂಟು ತೆಗೆದುಕೊಂಡು ಕೆಲಸದವರ ಲೈನ್‌ಮನೆಗಳ ಕಡೆಗೆ ಹೋದರು. ಹಬ್ಬದ ದಿನ ಅವರಿಗೆ ಕೊಡದೆ ನಾವು ಸಂಜೆಯ ಕಾಫಿ ಕುಡಿಯುವುದಿಲ್ಲ. ಅತ್ತೆ ಒಲೆಯ ಮುಂದಿದ್ದರು. ನಾನೂ ನಾದಿನಿಯೂ ಜಗಲಿಯ ಕಟ್ಟೆಯುದ್ದಕ್ಕೆ ಹಣತೆ ಇಡುತ್ತಿದ್ದೆವು. ಅವಳು ಹೊಸ ಸೀರೆಯ ಸೆರಗಿಗೆ ಎಣ್ಣೆ ತಾಗದಂತೆ ಎತ್ತಿ ಸಿಕ್ಕಿಸಿಕೊಂಡಿದ್ದಳು.

ಬೆಳಕು ಇನ್ನೂ ಇತ್ತು, ಆದರೆ ಗದ್ದೆಯ ಮೇಲೆ ಅಷ್ಟಾಗಿ ಇರಲಿಲ್ಲ. ಮಾವನ ಶರ್ಟು ಚೆನ್ನಾಗಿ ಕಾಣುತ್ತಿತ್ತು. ಮೊದಲ ದೀಪ ಕಣದ ಹತ್ತಿರ ಹೊತ್ತಿತು. ಶರ್ಟು ಬದುವಿನ ಮೇಲೆ ಮುಂದಕ್ಕೆ ಸರಿಯಿತು, ಎರಡನೆಯದು ಹೊತ್ತಿತು. ಹೀಗೆ ಹಳ್ಳದ ಕಡೆಗೆ ಒಂದೊಂದಾಗಿ ಐದು ದೀಪ. ಕೊನೆಯದು ಹಳ್ಳದ ಅಂಚಿನಲ್ಲಿ. ನಾದಿನಿ, ಅಪ್ಪಯ್ಯ ಇನ್ನು ತಿರುಗಿದರು ಎಂದಳು. ಅವಳ ದನಿಯಲ್ಲಿ ನಿರಾಳವಿತ್ತು.

ಅಳಿಯ ಕಣದ ಒಂದು ಮೂಲೆಯಲ್ಲಿ ಇದ್ದುದನ್ನು ನಾವು ಗಮನಿಸಿರಲಿಲ್ಲ. ದೀಪ ಆಗಲಿ ಎಂದಿದ್ದರು, ದೀಪವಾಯಿತು. ಸಾವಿರದ ಸರವೊಂದನ್ನು ನೆಲದ ಮೇಲೆ ಉದ್ದಕ್ಕೆ ಹಾಸಿ, ಊದುಬತ್ತಿಯಿಂದ ತುದಿಗೆ ಬೆಂಕಿ ಮುಟ್ಟಿಸಿದ್ದ. ನಾದಿನಿ "ರೀ, ಬೇಡ" ಎಂದದ್ದು ನನಗೆ ಕೇಳಿತು. ಅವನಿಗೆ ಕೇಳಲಿಲ್ಲ.

ಸರ ಪೂರ್ತಿ ಸಿಡಿದು ಮುಗಿಯುವವರೆಗೆ ನಾವಿಬ್ಬರೂ ಅಲ್ಲಾಡಲಿಲ್ಲ. ಹೊಗೆ ತಿಳಿಯಾಗುವಾಗ ಗದ್ದೆ ಹಾಗೇ ಇತ್ತು, ಐದು ದೀಪವೂ ಇದ್ದವು. ಮಾವನ ಶರ್ಟು ಕೊನೆಯ ದೀಪದ ಹತ್ತಿರವೇ ನಿಂತಿತ್ತು. ಅವರು ನಮ್ಮ ಕಡೆ ನೋಡುತ್ತಿರಲಿಲ್ಲ, ಎದುರು ದಿಬ್ಬದ ನೆತ್ತಿಯ ಕಡೆ ನೋಡುತ್ತಿದ್ದರು. ನಾನೂ ಅಲ್ಲಿಗೇ ನೋಡಿದೆ.

ಮೊದಲು ಒಂದೇ ಒಂದು ಸದ್ದು, ದಪ್ಪನೆಯದು. ಆಮೇಲೆ ಇನ್ನೊಂದು ಮನೆಯಿಂದ. ಆಮೇಲೆ ಎಲ್ಲ ಮನೆಗಳಿಂದಲೂ. ನೆತ್ತಿಯುದ್ದಕ್ಕೂ ಕಿಡಿ ಹಾರಿತು. ಡಬ್ಬ ಬಡಿಯುವುದೂ ಕೇಳಿತು. ಹಬ್ಬದ ದೀಪ ಹಚ್ಚುವುದನ್ನು ಬಿಟ್ಟು ಬಂದು ನಮಗಾಗಿ ಹೊಡೆಯುತ್ತಿದ್ದರು.

ಅಳಿಯ ನಮ್ಮ ಪಕ್ಕಕ್ಕೆ ಬಂದು ನಿಂತ. ಅವನ ಮುಖದಲ್ಲಿ ಮಕ್ಕಳ ನಗು.

"ನೋಡಿ ಅಕ್ಕ, ಆ ಕಡೆಯವ್ರೂ ಶುರು ಮಾಡುದ್ರು."

ಶರ್ಟು ಕಾಣುವುದು ನಿಂತಿತ್ತು. ಯಾವ ಕ್ಷಣದಲ್ಲಿ ಎಂದು ನಾನು ಹೇಳಲಾರೆ. ಕಾಫಿಗಿಡ ಮುರಿಯುವ ಸದ್ದು ಮೇಲಿನಿಂದ ಕೆಳಕ್ಕೆ, ನೇರವಾಗಿ, ಬಹಳ ಬೇಗ ಬಂತು. ಹಳ್ಳದ ಅಂಚಿನ ದೀಪ ಆರಿತು. ಗಾಳಿಯಿರಲಿಲ್ಲ, ನಮ್ಮ ಕಟ್ಟೆಯ ಮೇಲಿನ ಹಣತೆಗಳು ನೆಟ್ಟಗೆ ಉರಿಯುತ್ತಿದ್ದವು. ನಾಲ್ಕನೆಯದು ಆರಿತು. ನಾದಿನಿ ನನ್ನ ಮಣಿಕಟ್ಟು ಹಿಡಿದಳು. ನನ್ನ ಒಂದೆರಡು ಬಳೆ ಒಡೆದವು. ಆಮೇಲೆ ಮೂರನೆಯದು. ಅದರ ಮುಂದೆ ಏನೋ ಹಾದುಹೋದದ್ದನ್ನು, ಆ ಹಾದುಹೋದದ್ದರ ಎತ್ತರವನ್ನು, ನಾವು ಮೂವರೂ ಕಂಡೆವು.

"ಅಪ್ಪಯ್ಯ ಅಲ್ಲೇ ಇದಾರೆ," ಎಂದಳು ನಾದಿನಿ.

ಆಗ ಅಳಿಯನಿಗೆ ಆನೆ ಎಂಬುದು ತಿಳಿಯಿತು. ಅವನು ಹೆದರಿ ಓಡಲಿಲ್ಲ, ಅದನ್ನು ಬರೆಯಲೇಬೇಕು. ಪೆಟ್ಟಿಗೆಯಿಂದ ಇನ್ನೊಂದು ಸರ ಎಳೆದು, ಕಣದ ತುದಿಯವರೆಗೆ ಓಡಿ, ಹೊತ್ತಿಸಿ ಗದ್ದೆಗೆ ಎಸೆದ. ಅದು ನಮ್ಮ ಹತ್ತಿರದ ಬದುವಿನ ಮೇಲೆ ಸಿಡಿಯಿತು. ಆನೆಗಳು ತಿರುಗಿ ಹಳ್ಳ ಹಿಡಿದು ಕೆಳಕ್ಕೆ ಹೋದವು. ಅದರಿಂದಲೇ ತಿರುಗಿದವೋ, ಮೊದಲೇ ತಿರುಗಿದ್ದವೋ, ನನಗೆ ಗೊತ್ತಿಲ್ಲ. ಎಷ್ಟೋ ಸಲ ಯೋಚಿಸಿದ್ದೇನೆ. ಗೊತ್ತಿಲ್ಲ.

ಲೈನ್‌ಮನೆಯಲ್ಲಿದ್ದ ನನ್ನ ಗಂಡ ಮೊದಲ ಸದ್ದಿಗೇ ಓಡಿ ಬಂದಿದ್ದರು, ಅವರ ಹಿಂದೆ ಕೆಲಸದ ಗಂಡಸರೂ ಬಂದರು. ಟಾರ್ಚು ಹಿಡಿದು ಇಳಿದವರಿಗೆ ಮಾವ ನೀರಿನ ಕಾಲುವೆಯೊಳಗೆ ಸಿಕ್ಕಿದರು, ಬರಿಮೈಯಲ್ಲಿ. ನಮ್ಮ ಕಣದ ಸದ್ದು ಕೇಳಿದ ಕೂಡಲೇ ಉತ್ತರ ಬರುತ್ತದೆ ಎಂದು ಅವರಿಗೆ ತಿಳಿದಿತ್ತು. ಆ ಸ್ವಲ್ಪ ಹೊತ್ತಿನಲ್ಲಿ ಶರ್ಟು ಬಿಚ್ಚಿ ಒಂದು ಕಡೆ ಎಸೆದು, ಇನ್ನೊಂದು ಕಡೆಗೆ ಕಾಲುವೆಗೆ ಹಾರಿದ್ದರು. ಆನೆ ಅವರನ್ನು ಮುಟ್ಟಿರಲಿಲ್ಲ. ಹಾರಿದ ರಭಸಕ್ಕೆ ಸೊಂಟದ ಮೂಳೆ ಮುರಿದಿತ್ತು. ಶರ್ಟು ಎರಡು ಬದು ಆಚೆ ಸಿಕ್ಕಿತು. ಅದನ್ನು ಮಣ್ಣಿನಿಂದ ಕೀಳಬೇಕಾಯಿತು.

ಮೂಡಿಗೆರೆಯ ಆಸ್ಪತ್ರೆಯಲ್ಲಿ ಅಳಿಯ ಕಾಫಿ ತರಲು ಹೊರಗೆ ಹೋದಾಗ ಮಾವ ನನ್ನನ್ನೂ ನಾದಿನಿಯನ್ನೂ ಹತ್ತಿರ ಕರೆದರು. ನೋವಿಗೆ ಸೂಜಿ ಹಾಕಿದ್ದರು, ಮಾತು ಎಳೆಯುತ್ತಿತ್ತು.

"ಅವ್ರಿಗೆ ಹೇಳ್ಬೇಡಿ. ಹೊಸಬ್ರು. ಜೀವಮಾನ ಪೂರ್ತಿ ಹೊತ್ಕೊಂಡು ತಿರುಗ್ತಾರೆ."

ನಾವು ಹೇಳಲಿಲ್ಲ. ಎದುರು ದಿಬ್ಬದವರು ಮಾವನನ್ನು ನೋಡಲು ಹಣ್ಣು ಹಿಡಿದು ಬಂದಾಗ, ಆನೆ ಇಳಿದದ್ದನ್ನು ನಾವು ಮೊದಲೇ ನೋಡಿದ್ದೆವೆಂದೇ ಅವರು ನಂಬಿದ್ದರು. ಅವರಿಗೂ ಹೇಳಲಿಲ್ಲ. ಹೇಳದೆ ಬಿಟ್ಟ ಜಾಗದಲ್ಲಿ ಬೇರೊಂದು ಕತೆ ಬೆಳೆಯಿತು. ಹಾಸನದಲ್ಲಿ ನೆಂಟರ ಮದುವೆಯೊಂದರಲ್ಲಿ ಅದನ್ನು ಮೊದಲ ಸಲ ಪೂರ್ತಿ ಕೇಳಿದೆ. ದೀಪ ಇಡಲು ಹೋದ ಮಾವನ ಮೇಲೆ ಆನೆ ನುಗ್ಗಿತು, ಪುಣ್ಯಕ್ಕೆ ತಾನು ಪಟಾಕಿ ತಂದಿದ್ದೆ, ಎಸೆದೆ, ಮಾವ ಉಳಿದರು. ಅಳಿಯ ಇದನ್ನು ಜಂಬದಿಂದ ಹೇಳಲಿಲ್ಲ. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ಪಕ್ಕದ ಕುರ್ಚಿಯಲ್ಲಿ ಊರುಗೋಲು ಹಿಡಿದು ಕೂತಿದ್ದ ಮಾವ ಹೌದು ಹೌದು ಎಂದು ತಲೆಯಾಡಿಸಿದರು. ಕೇಳುತ್ತಿದ್ದ ನೆಂಟರೊಬ್ಬರು, ಅಳಿಯ ಅಂದ್ರೆ ಹಿಂಗಿರ್ಬೇಕು ನೋಡಿ ಮಾರಾಯ್ರೆ ಎಂದರು.

ಮೊನ್ನೆ ಸಂಜೆ ಅವನು ಫೋನು ಮಾಡಿದ. ಹಬ್ಬಕ್ಕೆ ಇನ್ನು ಕೆಲವೇ ದಿನ. ನಾನು ಜಗಲಿಯಲ್ಲಿ ಹಬ್ಬಕ್ಕೆಂದು ಬತ್ತಿ ಹೊಸೆಯುತ್ತಿದ್ದೆ, ಕೈ ಖಾಲಿಯಿಲ್ಲದೆ ಫೋನನ್ನು ಸ್ಪೀಕರಿಗೆ ಹಾಕಿ ಕಟ್ಟೆಯ ಮೇಲೆ ಇಟ್ಟಿದ್ದೆ. ಮಾವ ಸ್ವಲ್ಪ ಆಚೆ ಕುರ್ಚಿಯಲ್ಲಿ ಕೂತು ಗದ್ದೆಯ ದೀಪಕ್ಕೆ ಕೋಲು ಸೀಳುತ್ತಿದ್ದರು. ಈ ವರ್ಷ ಇಡುವವರು ನನ್ನ ಗಂಡ.

ಅವನು ಎಲ್ಲರ ಆರೋಗ್ಯ ಕೇಳಿದ. ಮಾವನಿಗೆ ಅದೇ ಅಳತೆಯ ಬಿಳಿ ಶರ್ಟು ತೆಗೆದಿಟ್ಟಿದ್ದೇನೆ ಎಂದ. ಆಮೇಲೆ, "ಈ ಸಲ ಎರಡು ಬಾಕ್ಸ್ ತತ್ತೀನಿ ಅಕ್ಕ. ಒಂದು ಮನೇಲಿ ಇರ್ಲಿ. ಭಾವ ಗದ್ದೆಗೆ ಇಳಿದಿದ್ ತಕ್ಷಣ ನಾನು ಈ ಕಡೆಯಿಂದ ಶುರು ಮಾಡ್ಬುಡ್ತೀನಿ, ಆನೆ ಹತ್ರಾನೇ ಸುಳಿಯಲ್ಲ," ಎಂದ.

ನಾನು ಬತ್ತಿ ಕೆಳಗಿಟ್ಟೆ. ಮಾವನ ಕತ್ತಿ ನಿಂತಿತು. ಅವರು ನನ್ನನ್ನು ನೋಡಿದರು. ಹೇಳು ಎನ್ನಲಿಲ್ಲ, ಬೇಡವೆಂದೂ ತಲೆಯಾಡಿಸಲಿಲ್ಲ.

ನಾನು ಹೇಳಿದೆ. ಒಪ್ಪಂದ ಏನು, ನಮ್ಮ ಸದ್ದಿಗೆ ಮೇಲಿನವರು ಏಕೆ ಹೊಡೆಯುತ್ತಾರೆ, ಆ ದಿನ ಆನೆ ಎಲ್ಲಿದ್ದವು, ಯಾವ ಸದ್ದು ಮೊದಲು, ಯಾವುದು ಆಮೇಲೆ. ನಿಧಾನವಾಗಿ, ಒಂದಾದ ಮೇಲೆ ಒಂದು. ಎರಡನೆಯ ಸರದ ವಿಷಯ ಗೊತ್ತಿಲ್ಲ ಎಂಬುದನ್ನೂ ಹೇಳಿದೆ. ನಡುವೆ ಲೈನು ಕಡಿಯಿತೇನೋ ಎಂದು ಎರಡು ಸಲ ಫೋನು ನೋಡಿದೆ.

"ಮಾವಂಗೆ ಗೊತ್ತಿತ್ತಾ?"

"ಗದ್ದೇಲಿ ನಿಂತಾಗ್ಲೇ ಗೊತ್ತಿತ್ತು."

ಅವನು ಏನೋ ಹೇಳಲು ಹೊರಟ. ಅಷ್ಟರಲ್ಲಿ ಅವನ ಬೀದಿಯಲ್ಲಿ ಯಾರೋ ಮಕ್ಕಳು ಪಟಾಕಿ ಹಚ್ಚಿದರು. ಫೋನಿನೊಳಗಿನಿಂದ ಆ ಸದ್ದು ನಮ್ಮ ಜಗಲಿಗೆ ಬಿತ್ತು, ಒಂದು ಸರ ಪೂರ್ತಿ. ನಾನು ಯೋಚಿಸುವ ಮೊದಲೇ ನನ್ನ ತಲೆ ಎದುರು ದಿಬ್ಬದ ಕಡೆ ತಿರುಗಿತ್ತು. ಮಾವ ಕುರ್ಚಿಯ ಕೈ ಹಿಡಿದು ಅರ್ಧ ಎದ್ದಿದ್ದರು.

ಅಲ್ಲಿಂದ ಯಾವ ಸದ್ದೂ ಬರಲಿಲ್ಲ. ಬರುವ ಕಾರಣವೂ ಇರಲಿಲ್ಲ. ಆದರೂ ನಾವಿಬ್ಬರೂ ಬಹಳ ಹೊತ್ತು ಅತ್ತಲೇ ನೋಡುತ್ತಿದ್ದೆವು. ಕಟ್ಟೆಯ ಮೇಲಿನ ಫೋನಿನಲ್ಲಿ ಅವನು ಅಕ್ಕ, ಅಕ್ಕ ಎಂದು ಕರೆಯುತ್ತಲೇ ಇದ್ದ.