ಪಿಳ್ಳಮ್ಮನವರಿಗೆ ಕೊಟ್ಟ ಮೂರು ಸ್ಟಾರು

ಜನರನ್ನು ಸುಮ್ಮನಿರಿಸುವುದಕ್ಕೆ ಪಿಳ್ಳಮ್ಮನವರು ಗಂಟಲು ಹರಿಯುವ ಹಾಗೆ ಕೂಗುತ್ತಿದ್ದರು. ಹದಿನೈದು ಮಂದಿ ಆಫೀಸಿನವರು ತೋಪಿನ ಗೇಟು ದಾಟಿದ ಮೇಲೂ ಬಾಸು, ಅಪ್ರೈಸಲ್ಲು, ಮೆಟ್ರೊ ಎಂದು ವಟಗುಟ್ಟುತ್ತಿರುವಾಗ ಹಿಂದಿನಿಂದ ಆ ದನಿ ಬೀಳುತ್ತಿತ್ತು: "ಬಾಯ್ ಮುಚ್ಕಂಡ್ ನಡೀರಿ ಒಸಿ." ಮರದ ಮೇಲಿದ್ದ ಹಕ್ಕಿಗಳೆಲ್ಲ ಪುರ್ರೆಂದು ಹಾರಿಹೋಗುತ್ತಿದ್ದವು. ಶಾಂತಿ ಹುಡುಕಿಕೊಂಡು ಬಂದ ನಾವು ಬೆಚ್ಚಿಬಿದ್ದು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಿದ್ದೆವು.

ಅದಕ್ಕೆ ಕಾಡುಸ್ನಾನ ಎಂದು ಹೆಸರು. ಕಾಡುಗೋಡಿಯಾಚೆ ಯಾರದೋ ಹಳೆಯ ತೋಪನ್ನು ಒಂದು ಆರೋಗ್ಯ ಕಂಪನಿ ಗುತ್ತಿಗೆಗೆ ಹಿಡಿದು, ಬೇಲಿ ಹಾಕಿ, ಭಾನುವಾರ ಬೆಳಗ್ಗೆ ಜನರನ್ನು ಮರಗಳ ನಡುವೆ ನಿಧಾನವಾಗಿ ನಡೆಸುತ್ತಿತ್ತು. ಮೊಬೈಲಿನಲ್ಲಿ ಬುಕ್ ಮಾಡಿದವರಿಗೆ ಮಾತ್ರ ಪ್ರವೇಶ. ನಾನು ದಾವಣಗೆರೆಯವಳು, ಇರುವುದು ಹೂಡಿಯ ಅಪಾರ್ಟ್‌ಮೆಂಟಿನಲ್ಲಿ. ವೈಟ್‌ಫೀಲ್ಡಿನ ಒಂದು ಕಾರ್ಖಾನೆಯಲ್ಲಿ ಕ್ವಾಲಿಟಿ ವಿಭಾಗ ನನ್ನದು. ಹೊಟ್ಟೆಪಾಡಿಗೆ ಬೇರೆಯವರ ತಪ್ಪು ಹುಡುಕುವವಳು ಎಂದರೂ ನಡೆದೀತು. ಅದರ ಜೊತೆಗೆ ಬಿ.ಪಿ., ನಿದ್ದೆಗೇಡು. ಮೂರು ತಿಂಗಳಲ್ಲಿ ಇಳಿಯದಿದ್ದರೆ ಮಾತ್ರೆ ಎರಡಾಗುತ್ತದೆ ಎಂದು ಡಾಕ್ಟರು ಹೆದರಿಸಿದ್ದರಿಂದ ನಾನೂ ಹೆಸರು ಬರೆಸಿದೆ.

ಅರವತ್ತು ದಾಟಿದ ಪಿಳ್ಳಮ್ಮ ಅಲ್ಲಿಯ ಗೈಡು. ಸೀರೆಯ ಮೇಲೆ ಕಂಪನಿಯ ಹಸಿರು ಟೀಶರ್ಟು, ಕಾಲಲ್ಲಿ ಹವಾಯಿ ಚಪ್ಪಲಿ. ಮದುವೆಯಾಗಿ ಕಾಡುಗೋಡಿಗೆ ಬಂದ ಹೊಸದರಲ್ಲಿ ಇದೇ ತೋಪಿನಲ್ಲಿ ಕೂಲಿಗಿದ್ದು, ಸಸಿಗಳಿಗೆ ಬಿಂದಿಗೆಯಲ್ಲಿ ನೀರು ಹೊತ್ತು ಹಾಕಿದವರು. ಯಾವ ನೇರಳೆ ಎಮ್ಮೆ ತಿಂದ ಮೇಲೂ ಮತ್ತೆ ಚಿಗುರಿತು, ಯಾವ ಹೊಂಗೆಗೆ ಸಿಡಿಲು ಬಡಿಯಿತು, ಎಲ್ಲ ಅವರಿಗೆ ಬಾಯಿಪಾಠ. ಬೇಲಿ ಬಿದ್ದ ಮೇಲೆ ಊರಿನವರನ್ನು ಒಳಗೆ ಬಿಡುತ್ತಿರಲಿಲ್ಲ. ಈ ಕೆಲಸ ಸಿಕ್ಕಿದ್ದರಿಂದ ಪಿಳ್ಳಮ್ಮನವರೊಬ್ಬರಿಗೆ ದಾರಿಯಿತ್ತು. "ಸಂಬಳ ಇರ‍್ಲಿ ಬುಡು, ನನ್ ಮರ ನೋಡಾಕ್ ಬಿಡ್ತಾರಲ್ಲ" ಎಂದು ಒಮ್ಮೆ ನನ್ನ ಹತ್ತಿರ ಹೇಳಿದ್ದರು.

ಕಂಪನಿಯವರು ಅವರಿಗೆ ಒಂದಷ್ಟು ಮಾತು ಕಲಿಸಿದ್ದರಂತೆ. ಮರವನ್ನು ಅಪ್ಪಿಕೊಳ್ಳಿ, ಅದು ಹೇಳುವುದನ್ನು ಆಲಿಸಿ, ಇಂಥವು. ಪಿಳ್ಳಮ್ಮನವರ ಬಾಯಲ್ಲಿ ಅವು ಒಂದು ದಿನವೂ ಬರಲಿಲ್ಲ. ಒಬ್ಬ ಮ್ಯಾನೇಜರು ಕೈಗಡಿಯಾರದಲ್ಲಿ ಎದೆಬಡಿತ ನೋಡಿಕೊಳ್ಳುತ್ತಾ, ಎಷ್ಟು ನಿಮಿಷಕ್ಕೆ ಎಷ್ಟು ಇಳಿಯುತ್ತೆ, ಮರ ನಮಗೆ ಏನು ಹೇಳುತ್ತೆ ಎಂದು ಪ್ರಾಣ ತಿಂದ. ಅವನಿಗೆ ಅವರು ಕೊಟ್ಟ ಉತ್ತರವೇ ಅವರ ಇಡೀ ಶಾಸ್ತ್ರ: "ಮರ ಏನೂ ಏಳಾಕಿಲ್ಲ ಸಾರ್. ಓಗಿ ಅದ್ರ ಬುಡದಾಗ್ ಕೂತ್ಕಳಿ. ಬ್ಯಾಸರ ಆಯ್ತದೆ. ಬ್ಯಾಸರ ಆದ್ಮ್ಯಾಕೆ ಇನ್ನೂ ಒಸಿ ಕೂತ್ಕಳಿ." ಅವನು ಮುಂದಿನ ವಾರ ಬರಲಿಲ್ಲ. ಸಿಟ್ಟಿನಲ್ಲಿ ಕಂಪನಿಗೆ ದೂರು ಬರೆದ ಎಂದು ಆಮೇಲೆ ಗೊತ್ತಾಯಿತು.

ನನಗೂ ಮೊದಮೊದಲು ರೇಗುತ್ತಿತ್ತು. ಇರುವೆ ಕಚ್ಚುತ್ತಿತ್ತು, ಸೊಂಟ ಹಿಡಿಯುತ್ತಿತ್ತು, ಸೋಮವಾರದ ಆಡಿಟ್ ತಲೆಯೊಳಗೆ ಗಿರಕಿ ಹೊಡೆಯುತ್ತಿತ್ತು. ಪಕ್ಕದಲ್ಲಿ ಪಿಳ್ಳಮ್ಮನವರ ಗದರಿಕೆ ಬೇರೆ. ಕಾಲು ಅಲ್ಲಾಡಿಸಿದರೂ ಬೈಗುಳ. ಇದಕ್ಕೆ ಬೆಳಗಿನ ನಿದ್ದೆ ಕೆಡಿಸಿಕೊಂಡು ಬರಬೇಕಿತ್ತೇ ಎಂದು ನನ್ನನ್ನೇ ಬೈದುಕೊಂಡು ಹೋದ ಭಾನುವಾರಗಳಿವೆ.

ಐದನೆಯದೋ ಆರನೆಯದೋ ಭಾನುವಾರ, ಹೊಂಗೆಮರಕ್ಕೆ ಒರಗಿ ಕೂತವಳು ಹಾಗೇ ನಿದ್ದೆಹೋದೆ. ಅಂಥ ನಿದ್ದೆ ನನಗೆ ಎಷ್ಟೋ ವರ್ಷದಿಂದ ಬಂದಿರಲಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಏರಿತ್ತು. ಪಿಳ್ಳಮ್ಮನವರು ಎದುರಿಗೆ ಕುಕ್ಕರುಗಾಲಿನಲ್ಲಿ ಕೂತು ಒಂದು ಸೊಪ್ಪಿನ ಕಡ್ಡಿಯಿಂದ ನನ್ನ ಕಾಲ ಬಳಿಯ ಇರುವೆ ಓಡಿಸುತ್ತಿದ್ದರು. ಉಳಿದವರೆಲ್ಲ ಗೇಟಿನ ಬಳಿ, ವಾಪಸು ಹೋಗುವ ವ್ಯಾನು ಹೊರಡಲೆಂದು ಕಾದು ಕಾದು ಗೊಣಗುತ್ತಿದ್ದರು. ಅಷ್ಟು ಜನರನ್ನೂ ಅವರು ನನ್ನೊಬ್ಬಳ ನಿದ್ದೆಗಾಗಿ ನಿಲ್ಲಿಸಿದ್ದರು. ನನಗೆ ಎಷ್ಟು ನಾಚಿಕೆಯಾಯಿತೆಂದರೆ ಥ್ಯಾಂಕ್ಸ್ ಕೂಡ ಹೇಳದೆ ಓಡಿದೆ.

ಮರುದಿನ ಹೂಡಿಯ ಟ್ರಾಫಿಕ್ಕಿನಲ್ಲಿ ಕ್ಯಾಬು ನಿಂತಾಗ ಮೊಬೈಲಿಗೆ ಕಂಪನಿಯ ಫೀಡ್‌ಬ್ಯಾಕ್ ಫಾರಂ ಬಂತು. ಮಾಡಲು ಬೇರೆ ಕೆಲಸವಿರಲಿಲ್ಲ, ತುಂಬಿದೆ. ಫಾರಂ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹದಿನೆಂಟು ವರ್ಷದ ಚಾಳಿ! ಶುರುವಿನಲ್ಲಿ ಸೂಚನೆ ಕೊಡುವುದಿಲ್ಲ. ಮಾತು ಒರಟು. ನಿನ್ನೆ ನಲವತ್ತು ನಿಮಿಷ ತಡವಾಗಿ ಮುಗಿಯಿತು. ಒಟ್ಟಾರೆ ಐದಕ್ಕೆ ಮೂರು ಸ್ಟಾರು. ನಮ್ಮ ವಿಭಾಗದಲ್ಲಿ ಮೂರೆಂದರೆ ಒಳ್ಳೆಯದು, ಐದನ್ನು ನಾವು ಯಾರಿಗೂ ಕೊಡುವುದಿಲ್ಲ. ಕೊಟ್ಟರೆ ಸುಧಾರಿಸುವುದಕ್ಕೆ ಏನು ಉಳಿಯುತ್ತದೆ? ಪಿಳ್ಳಮ್ಮನವರಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ, ಆಣೆ ಮಾಡಿ ಹೇಳುತ್ತೇನೆ, ನಾನು ಆ ಗುಂಡಿ ಒತ್ತಿದ್ದು.

ಮುಂದಿನ ಭಾನುವಾರ ಹಸಿರು ಟೀಶರ್ಟಿನಲ್ಲಿ ಬೇರೊಬ್ಬ ನಿಂತಿದ್ದ. ಕಿವಿಗೆ ಮೈಕು, ಕೈಯಲ್ಲಿ ಕಂಚಿನ ಬಟ್ಟಲು. ಅದನ್ನು ಟಣ್ಣೆನಿಸಿ ಮರವನ್ನು ಅಪ್ಪಿಕೊಳ್ಳಿ ಎಂದು ಇಂಗ್ಲಿಷಿನಲ್ಲಿ ಬೆಣ್ಣೆಯಂಥ ದನಿಯಲ್ಲಿ ಹೇಳಿದ. ಪಿಳ್ಳಮ್ಮ ಎಲ್ಲಿ ಎಂದರೆ ಗೊತ್ತಿಲ್ಲ ಎಂದ. ಆಗಲೇ ಮೊಬೈಲಿಗೆ ಸಂದೇಶ ಬಂತು: ನಿಮ್ಮ ವಿವರವಾದ ಅಭಿಪ್ರಾಯದ ಮೇರೆಗೆ ಗೈಡನ್ನು ಬದಲಿಸಿದ್ದೇವೆ, ಧನ್ಯವಾದಗಳು.

ಮೈಯೆಲ್ಲ ಪರಚಿಕೊಳ್ಳುವಂತಾಯಿತು. ತಡವಾಗಿದ್ದು ಯಾರಿಂದ? ನನ್ನಿಂದ. ಬರೆದವಳು ಯಾರು? ನಾನೇ. ಕಂಪನಿಗೆ ಫೋನು ಮಾಡಿದರೆ ಒಂದು ಒತ್ತಿ, ಎರಡು ಒತ್ತಿ ಎನ್ನುವ ಯಂತ್ರ. ಹೇಗೋ ಒಬ್ಬಳು ಹುಡುಗಿ ಸಿಕ್ಕಳು. ಸ್ಟಾರು ವಾಪಸು ತಗೊಳ್ಳುತ್ತೇನೆ, ಐದು ಹಾಕಿ ಎಂದು ಗೋಗರೆದೆ. ಒಮ್ಮೆ ಕೊಟ್ಟದ್ದನ್ನು ಬದಲಾಯಿಸಲು ಬರಲ್ಲ ಮೇಡಂ, ನಾಲ್ಕಕ್ಕಿಂತ ಕಡಿಮೆಗೆ ಇಳಿದ ಗೈಡನ್ನು ಸಿಸ್ಟಮ್ಮೇ ತೆಗೆದುಬಿಡುತ್ತೆ, ನಿಮ್ಮ ಜೊತೆ ಬರುತ್ತಿದ್ದ ಮ್ಯಾನೇಜರ ದೂರಿನ ಮೇಲೆ ನಿಮ್ಮದೂ ಸೇರಿತಲ್ಲ ಎಂದಳು. ನಾಲ್ಕು ಮೇಲ್ ಹಾಕಿದೆ. ನಾಲ್ಕಕ್ಕೂ ಒಂದೇ ಉತ್ತರ, ನಿಮ್ಮ ಸಮಸ್ಯೆ ಬಗೆಹರಿದಿದೆ ಅಂತ! ಯಾರ ಸಮಸ್ಯೆ, ಎಲ್ಲಿ ಬಗೆಹರಿಯಿತು, ಮಣ್ಣು!

ಎರಡು ಮೂರು ವಾರ ಕಳೆದ ಮೇಲೆ ಗೇಟಿನ ಸೆಕ್ಯೂರಿಟಿ ಇನ್ನೊಂದು ಸಂಗತಿ ಹೇಳಿದ. ಪಿಳ್ಳಮ್ಮನವರು ಎರಡು ಭಾನುವಾರ ಬಂದಿದ್ದರಂತೆ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಇವನು ಬಿಡಲಿಲ್ಲ. ಬೇಲಿಯಾಚೆ ರಸ್ತೆಯಲ್ಲೇ ಸ್ವಲ್ಪ ಹೊತ್ತು ನಿಂತಿದ್ದು ಹೋದರಂತೆ. ನಾನೇನು ಮಾಡ್ಲಿ ಅಕ್ಕ, ನನ್ ಕೆಲಸ ಹೋಗುತ್ತೆ ಎಂದ ಅವನು. ಅದೂ ಸರಿಯೇ.

ಕೊನೆಗೆ ಕೇಳಿಕೊಂಡು ಕೇಳಿಕೊಂಡು ಕಾಡುಗೋಡಿಯ ಹಳೇ ಊರಿನಲ್ಲಿ ಅವರ ಮನೆಗೇ ಹೋದೆ. ಬಾಡಿಗೆ ರೂಮುಗಳ ಸಾಲಿನ ಕೊನೆಯಲ್ಲಿ, ಹೊಸ್ತಿಲ ಬಳಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಮನೆಯೊಳಗೆ ಎರಡು ಮೂಟೆ ಕಟ್ಟಿತ್ತು. ಮರುದಿನ ಮಾಲೂರಿನ ಮಗಳ ಮನೆಗೆ ಹೊರಟಿದ್ದರು. ಆ ಮರಗಳ ಮುಂದೆ ದಿನಾ ಓಡಾಡಿಕೊಂಡು, ಒಳಗೆ ಹೋಗಲಾಗದೆ ಇರುವುದು ತಮ್ಮ ಕೈಲಿ ಆಗದು ಎಂದರು. ನನ್ನನ್ನು ಕಂಡು ಅವರಿಗೆ ಖುಷಿಯಾಗಿತ್ತು, ಅದೇ ನನ್ನನ್ನು ಇನ್ನಷ್ಟು ಕೊಂದಿತು.

"ಅಮ್ಮಾ, ನಿಮ್ಮ ಕೆಲಸ ಹೋಗಿದ್ದು ನನ್ನಿಂದ" ಎಂದೆ. ಎಲ್ಲವನ್ನೂ ಹೇಳಿದೆ. ಫಾರಂ, ಸ್ಟಾರು, ಒರಟು ಮಾತು, ನಲವತ್ತು ನಿಮಿಷ. ಅವರು ಬೈಯಲಿ ಎಂದೇ ಕಾಯುತ್ತಿದ್ದೆ. ಕಾಲು ಅಲ್ಲಾಡಿಸಿದ್ದಕ್ಕೆ ಬೈದವರು ಇದಕ್ಕೆ ಬೈಯಲಾರರೇ? ಅವರು ಸುಲಿಯುವುದನ್ನು ನಿಲ್ಲಿಸಲಿಲ್ಲ.

"ಎಷ್ಟ್ ಕೊಟ್ಟಿದ್ದೆ?"

"ಮೂರು."

"ಎಷ್ಟಕ್ಕೆ?"

"ಐದಕ್ಕೆ."

ಮನಸ್ಸಿನಲ್ಲೇ ಲೆಕ್ಕ ಹಾಕಿದರು. "ಅಂಗಾದ್ರೆ ಪಾಸ್ ಅಲ್ವಾ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ನನಗೆ ಅಳು ಬಂದಿತ್ತು. ಅವರು ಮೊರವನ್ನು ಪಕ್ಕಕ್ಕಿಟ್ಟು ನನ್ನನ್ನೇ ನೋಡಿದರು. ದನಿಯಲ್ಲಿ ಕೋಪವಿರಲಿಲ್ಲ, ಕೊಂಕೂ ಇರಲಿಲ್ಲ. ಕೆಲಸ ಹೇಗೆ ಮಾಡಬೇಕಿತ್ತೆಂದು ತಿಳಿದುಕೊಳ್ಳುವವರ ಹಾಗೆ ಕೇಳಿದರು:

"ಅವತ್ತು ನಿನ್ನ ಎಬ್ಬಿಸ್ಬೇಕಿತ್ತಾ, ತಾಯಿ?"